ಚೀಲ ಸುರಿಯುವವಳು

ಗಂಡಸರ ವಾರ್ಡು, ಹನ್ನೊಂದನೇ ಮಂಚ
ಜೂನ್ ೧೧, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲಾ ಅಮ್ಮನ ಮನೆಯಲ್ಲೂ ಗೋಡೆ ನೋಡುತ್ತಾ ಕೂತಿರುತ್ತೀಯಾ? ನನ್ನಕ್ಕನ ಸೊಂಟನೋವು ಕಡಿಮೆಯಾಯಿತೇ? ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ. ಹೌದು, ನೀನು ಫಾರ್ಮಸಿಸ್ಟಾಗಿರುವ ಆಸ್ಪತ್ರೆಯೇ. ಹೊಟ್ಟೆಯೊಳಗೆ ರಕ್ತ ಸೋರಿತ್ತು, ಈಗ ನಿಂತಿದೆ. ಏಳನೇ ಕ್ಲಾಸು ಓದಿದ ನಿನ್ನ ಮಾವ ಎಂಟೇ ದಿನದಲ್ಲಿ ಅರ್ಧ ಡಾಕ್ಟರಾಗಿದ್ದಾನೆ. ಪಕ್ಕದ ಮಂಚದವರು ನರ್ಸಮ್ಮನನ್ನು ಬಿಟ್ಟು ನನ್ನನ್ನೇ ಕೇಳುತ್ತಾರೆ. ಆದರೂ ಸಾಕಾಗಿಹೋಗಿದೆ ಕಣೇ. ಇಲ್ಲಿ ಎಲ್ಲರ ಮುಖದಲ್ಲೂ ಅದೇ ದಣಿವು.

ನೀನಿಲ್ಲದ ವಾರ್ಡನ್ನು ನೀನು ನೋಡಬೇಕಿತ್ತು. ನೀನಾಗಿದ್ದರೆ ಬಂದ ದಿನವೇ ನನ್ನ ಚೀಲವನ್ನು ಹಾಸಿಗೆಯ ಮೇಲೆ ಸುರಿದು, ಮನೆಯಿಂದ ತಂದ ಒಂದೊಂದು ಗುಳಿಗೆಗೂ ಲೆಕ್ಕ ಕೇಳುತ್ತಿದ್ದೆ. ಈಗ ಹಾಗೆ ಕೇಳುವವರೇ ಇಲ್ಲ. ನಿಂತಿದ್ದ ರಕ್ತ ಮೊನ್ನೆ ಮತ್ತೆ ಸೋರಿತು. ಏಕೆಂದು ಯಾರಿಗೂ ತಿಳಿಯಲಿಲ್ಲ. “ಗುಳಿಗೆ ಎಣಿಸೋಳು ನಂಗೆ ಪಾಠ ಹೇಳ್ತಾಳಾ” ಎಂದು ರೋಗಿಗಳೆದುರೇ ನಿನ್ನನ್ನು ಗದರಿದ ಆ ದೊಡ್ಡ ಡಾಕ್ಟರು ಬಂದವರೇ ನನ್ನ ಮಂಚದ ಮೇಲೆ ಕುಸಿದು ಕೂತರು. ಕಣ್ಣು ಕೆಂಪಗಿತ್ತು. “ಅವರಿದ್ದಿದ್ರೆ ಚೀಲ ನೋಡಿರೋರು ಸರ್” ಎಂದಳು ಕಿರಿಯ ಡಾಕ್ಟರಮ್ಮ. ಬಯ್ಯುತ್ತಾರೆ ಅಂದುಕೊಂಡೆ. ಅವರು ಕನ್ನಡಕ ತೆಗೆದು ಮುಖ ಉಜ್ಜಿಕೊಂಡರು. “ದಿನಕ್ಕೆ ಹತ್ತು ಸಲ ಫೋನ್ ಮಾಡಿ ತಲೆ ತಿನ್ನೋಳು. ಈಗ ಫೋನೇ ಬರಲ್ಲ. ಬರೆದ ಔಷಧಿ ಚೀಟಿನ ನಾನೇ ಮೂರು ಸಲ ಓದ್ತೀನಿ, ಆದ್ರೂ ಭಯ” ಎಂದರು. ಆಮೇಲೆ ತಾವೇ ನನ್ನ ಚೀಲ ಸುರಿದರು. ಪಾಪ, ಹುಡುಕಲು ಬರುವುದಿಲ್ಲ. ಪಂಚೆಯನ್ನೆಲ್ಲ ಕೊಡವಿದರು, ಕನ್ನಡಕದ ಡಬ್ಬಿ ಮಾತ್ರ ತೆಗೆಯಲಿಲ್ಲ.

ಅಕ್ಕನಿಗೆ ನಮಸ್ಕಾರ ಹೇಳು. ನಿನಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಸಿಗಲಿ.

ಇಂತಿ,
ನಿನ್ನ ಅರ್ಧ ಡಾಕ್ಟರ್ ಸೋದರಮಾವ

ಮರೆತಿದ್ದೆ: ಆ ಡಬ್ಬಿಯಲ್ಲಿ ನನ್ನ ಮಂಡಿನೋವಿನ ಗುಳಿಗೆಗಳಿದ್ದವು. ಇಲ್ಲಿಗೆ ಬಂದಮೇಲೂ ದಿನಕ್ಕೆ ಮೂರು ಕದ್ದು ನುಂಗುತ್ತಿದ್ದೆ. ರಕ್ತ ಸೋರಿದ್ದು ಅದಕ್ಕೇ ಅಂತೆ. ಇಂದು ಬೆಳಿಗ್ಗೆ ನಾಚಿಕೆ ಬಿಟ್ಟು ದೊಡ್ಡ ಡಾಕ್ಟರ ಕೈಗೇ ಕೊಟ್ಟೆ. ಆಸ್ಪತ್ರೆಯ ಆಫೀಸಿಗೆ ಕೊಡೆಂದು, ಅಮ್ಮನ ಮನೆಗೆ ಹೊರಡುವಾಗ ನೀನು ನನ್ನ ಬಳಿ ಬಿಟ್ಟುಹೋದ ರಾಜೀನಾಮೆಯ ಲಕೋಟೆಯನ್ನು ಮಾತ್ರ ಕೊಟ್ಟಿಲ್ಲ. ನನ್ನ ದಿಂಬಿನಡಿಯಲ್ಲೇ ಇದೆ. ನೀನು ರಜೆಯಲ್ಲಿದ್ದೀಯ ಎಂದೇ ಎಲ್ಲರೂ ತಿಳಿದಿದ್ದಾರೆ. ಸೋಮವಾರ ಬರುತ್ತಾಳಾ ಎಂದು ದೊಡ್ಡ ಡಾಕ್ಟರು ನರ್ಸಮ್ಮನನ್ನು ಕೇಳಿದರು. ನಾನು ಮಲಗಿದ್ದಲ್ಲಿಂದಲೇ “ಬರ್ತಾಳೆ” ಅಂದುಬಿಟ್ಟೆ.