ಬೆನ್ನ ಹಿಂದಿನ ಪಟ

ಗುರುಗಳೇ,

ಮನೆಯಲ್ಲಿ ‘ರೀ’, ಯೋಗದ ಹಾಲ್‌ನಲ್ಲಿ ‘ಗುರುಗಳೇ’ ಎಂದು ಕರೆಯಬೇಕೆಂದು ಮದುವೆಯಾದ ಹೊಸತರಲ್ಲೇ ನೀವು ಅಪ್ಪಣೆ ಕೊಟ್ಟಿದ್ದಿರಿ. ಇನ್ನು ಮನೆಯ ಸಂಬಂಧ ಮುಗಿಯಿತು, ಹಾಗಾಗಿ ಎರಡನೆಯದನ್ನೇ ಉಳಿಸಿಕೊಂಡಿದ್ದೇನೆ. ಈ ಪತ್ರ ನಿಮ್ಮ ಟವೆಲ್ಲಿನ ಮಡಿಕೆಯಲ್ಲಿದೆ. ಪಾಠ ಮುಗಿಸಿ ಬೆವರು ಒರೆಸಿಕೊಳ್ಳುವವರೆಗೆ ನೀವು ಅದನ್ನು ಚೀಲದಿಂದ ತೆಗೆಯುವುದಿಲ್ಲ. ಅಂದರೆ, ಇದನ್ನು ಓದುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತದೆ.

ನಮ್ಮ ಚಕ್ರಗಳ ಪಟದ ಬಗ್ಗೆ ಹೇಳಬೇಕು. ಅಂಗಡಿಗಳ ಬೋರ್ಡು ಬರೆಯುತ್ತಿದ್ದ ನನ್ನನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಸುತ್ತಲೂ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದವರು ನೀವು. ಗೆರೆಯೊಳಗೆ ಬಣ್ಣ ತುಂಬಿ, ಚಕ್ರಕ್ಕೊಂದು ಗ್ರಂಥಿಯ ಹೆಸರು ಬರೆದವಳು ನಾನು. ಗಂಟಲಿಗೆ ವಿಶುದ್ಧಿ, ಥೈರಾಯ್ಡ್. ಹೊಟ್ಟೆಗೆ ಮಣಿಪೂರ, ಅಡ್ರಿನಲ್. ಆ ದಿನ ನಾನು ನಗುತ್ತಾ ಹೇಳಿದ್ದೆ: “ಇದೆಲ್ಲ ನಮ್ಮ ಮಾತಲ್ಲೇ ಇದೆಯಲ್ರೀ. ಕೋಪ ನೆತ್ತಿಗೇರುತ್ತೆ, ದುಃಖ ಬಂದ್ರೆ ಗಂಟಲು ಕಟ್ಟುತ್ತೆ, ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಇರುತ್ತೆ.” ನಿಮ್ಮ ಕಣ್ಣು ಅರಳಿತ್ತು. ಮುಂದಿನ ವಾರವೇ ಅದು ನಿಮ್ಮ ಮಾತಾಗಿ ಹಾಲ್‌ನಲ್ಲಿ ಚಪ್ಪಾಳೆ ಗಿಟ್ಟಿಸಿತು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನಾನೇ ಪಟವಾದೆ. ನಾನು ಏನೇ ಹೇಳಲಿ, ಅದು ನನ್ನ ಮಾತಲ್ಲ, ಯಾವುದೋ ಗ್ರಂಥಿಯ ಮಾತು. ಅಡುಗೆಮನೆಯ ನಲ್ಲಿ ಸೋರುತ್ತಿದೆ, ಯಾರನ್ನಾದರೂ ಕರೆಸಿ ಎಂದು ಮೂರನೆಯ ಸಲ ಹೇಳಿದರೆ, “ನೀನಲ್ಲ ಮಾತಾಡ್ತಿರೋದು, ನಿನ್ನ ಅಡ್ರಿನಲಿನ್” ಎನ್ನುತ್ತಿದ್ದಿರಿ. ನಲ್ಲಿ ಮಾತ್ರ ಸೋರುತ್ತಲೇ ಇತ್ತು. ಅತ್ತರೆ ಹಾರ್ಮೋನು, ಸುಮ್ಮನಿದ್ದರೆ ವಿಶುದ್ಧಿ ಮುಚ್ಚಿಕೊಂಡಿದೆ. ನಿಮ್ಮ ಸಿಟ್ಟಿಗೆ ಮಾತ್ರ ಯಾವ ಗ್ರಂಥಿಯೂ ಇರಲಿಲ್ಲ, ಅದು ತೇಜಸ್ಸು.

ಅಷ್ಟನ್ನೂ ನುಂಗಿಕೊಂಡಿದ್ದೆ. ಆದರೆ ಮಗು ಹೋಯಿತಲ್ಲ, ಅದನ್ನು ನುಂಗಲಾಗಲಿಲ್ಲ. ಡಾಕ್ಟರಮ್ಮ ನನ್ನ ಕೈ ಹಿಡಿದು, “ನೋಡಮ್ಮ, ಮಗು ಬೆಳೆದಿರಲೇ ಇಲ್ಲ. ಇದರಲ್ಲಿ ನಿನ್ನ ತಪ್ಪು ಒಂದು ಚೂರೂ ಇಲ್ಲ” ಎಂದಾಗ ನೀವು ಪಕ್ಕದ ಕುರ್ಚಿಯಲ್ಲೇ ಇದ್ದಿರಿ, ತಲೆಯಾಡಿಸಿದಿರಿ. ನಾನಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದಾಗಲೇ ತರಗತಿಗೆ ಕರೆದುಕೊಂಡು ಹೋದಿರಿ. ಮುಂದಿನ ಸಾಲಿನಲ್ಲಿ ಕೂರಿಸಿದಿರಿ. ಕೋಲಿನಿಂದ ಪಟದ ಹೊಕ್ಕುಳ ಕೆಳಗೆ ಮುಟ್ಟಿ, “ಸ್ವಾಧಿಷ್ಠಾನ. ಇಲ್ಲಿ ಭಯ ಕೂತ್ರೆ ಗರ್ಭ ನಿಲ್ಲಲ್ಲ. ನಮ್ಮ ಮನೆಯಲ್ಲೇ ಉದಾಹರಣೆ ಇದೆ” ಎಂದಿರಿ. ಎಲ್ಲರೂ ನನ್ನತ್ತ ತಿರುಗಿದರು. ಒಬ್ಬ ಅಜ್ಜಿ ನನ್ನ ಬೆನ್ನು ಸವರಿ, “ಹೆದರ್ಕೋಬಾರದಿತ್ತಮ್ಮ” ಎಂದರು. ಆ ಕೈಯ ಭಾರ ಇನ್ನೂ ನನ್ನ ಬೆನ್ನ ಮೇಲಿದೆ. ಆಮೇಲೆ ಪ್ರತಿ ಶಿಬಿರದಲ್ಲೂ ಅದೇ ಉದಾಹರಣೆ.

ನಿಮ್ಮ ಪಾಠದ ರೀತಿ ನನಗೆ ಬಾಯಿಪಾಠ. ದಾರ ಎಳೆಯುತ್ತೀರಿ, ಪಟ ಬಿಚ್ಚಿಕೊಳ್ಳುತ್ತದೆ. ನೀವು ತಿರುಗಿ ನೋಡುವುದಿಲ್ಲ. ಅದಕ್ಕೆ ಬೆನ್ನು ಹಾಕಿ, ಕೋಲನ್ನು ಹಿಂದಕ್ಕೆ ಚಾಚಿ ಒಂದೊಂದೇ ಚಕ್ರ ಮುಟ್ಟುವುದೇ ನಿಮ್ಮ ಗತ್ತು. ಪಾಠ ಮುಗಿಯುವವರೆಗೆ ಯಾರೂ ತುಟಿ ಬಿಚ್ಚಬಾರದು, ಶಕ್ತಿಯ ಹರಿವು ಕಡಿಯುತ್ತದೆ ಎಂಬುದು ನೀವೇ ಮಾಡಿದ ನಿಯಮ. ಅದಕ್ಕಾಗಿ ನಿಮಗೆ ಋಣಿ.

ಪಟದ ಹಳೆಯ ಅಕ್ಷರಗಳ ಮೇಲೆ ಬಿಳಿ ಬಳಿದು ಹೊಸದಾಗಿ ಬರೆದಿದ್ದೇನೆ. ಗಂಟಲಿನ ಬಳಿ: ‘ರಕ್ತ ಪರೀಕ್ಷೆ ಮಾಡಿಸಿದೆ, ಥೈರಾಯ್ಡ್ ಸರಿಯಾಗಿದೆ. ಬಾಯಿ ಮುಚ್ಚಿಸಿದವರು ಗುರುಗಳು.’ ಹೊಟ್ಟೆಯ ಬಳಿ: ‘ಈ ಉರಿಗೆ ಕಾರಣ ಇದೆ.’ ಅದರ ಕೆಳಗೆ: ‘ಇಲ್ಲಿ ಭಯ ಇರಲಿಲ್ಲ. ಮಗು ಇತ್ತು. ಹೋದದ್ದು ತಾಯಿಯ ತಪ್ಪಲ್ಲ ಎಂದು ಡಾಕ್ಟರು ಹೇಳಿದ್ದನ್ನು ಗುರುಗಳು ಕಿವಿಯಾರೆ ಕೇಳಿದ್ದಾರೆ.’

ಹಾಲ್‌ನ ಬೀಗದ ಕೈ ಕೊಟ್ಟವಳು ನಿಮ್ಮ ತಂಗಿಯೇ. ಬಾಗಿಲಲ್ಲಿ ನಿಂತು ಎಲ್ಲ ಓದಿದಳು. ತಡೆಯುತ್ತಾಳೆ ಅಂದುಕೊಂಡೆ. “ಅಕ್ಷರ ಇನ್ನೊಂಚೂರು ದಪ್ಪ ಮಾಡಿ ಅತ್ತಿಗೆ, ಹಿಂದಿನ ಸಾಲಿನೋರಿಗೆ ಕಾಣಲ್ಲ” ಅಂದಳು. ದಪ್ಪ ಮಾಡಿದೆ. ಬಣ್ಣ ಒಣಗಿದ ಮೇಲೆ ಸುರುಳಿ ಸುತ್ತಿ ದಾರ ಕಟ್ಟಿದವಳೂ ಅವಳೇ.

ಈಗ ಹೇಳಿ, ಹಾಲ್ ಎಷ್ಟು ನಿಶ್ಶಬ್ದವಾಗಿತ್ತು? ಕೋಲಿನಿಂದ ಸ್ವಾಧಿಷ್ಠಾನ ಮುಟ್ಟಿ, “ನಮ್ಮ ಮನೆಯಲ್ಲೇ ಉದಾಹರಣೆ” ಎಂದಾಗ ಯಾರೂ ಉಸಿರು ಬಿಟ್ಟಿರಲಿಕ್ಕಿಲ್ಲ. ಅದು ನಿಮ್ಮ ಮಾತಿನ ಶಕ್ತಿಯೆಂದು ತಿಳಿದು ದನಿ ಇನ್ನಷ್ಟು ಏರಿಸಿರುತ್ತೀರಿ. ಪಟ ಇನ್ನೂ ಅಲ್ಲೇ ತೂಗುತ್ತಿದೆ. ಈಗ ಒಮ್ಮೆ ತಿರುಗಿ ನೋಡಿ.

ನಿಮಗೆ ದೀರ್ಘಾಯುಸ್ಸು ಇರಲಿ, ಮರೆವು ಮಾತ್ರ ಬಾರದಿರಲಿ.

ಇಂತಿ,
ಆ ಗೆರೆಯೊಳಗಿಂದ ಎದ್ದು ಹೋದವಳು