ತುಂಬುತೋಳಿನ ಅಂಗಿ

ಜ್ಯಾಕ್ಸನ್ ಹೈಟ್ಸ್,
ಏಪ್ರಿಲ್ ೧೯೭೪

ಪೂಜ್ಯ ಅತ್ತೆಯವರಿಗೆ ಸೊಸೆ ವನಮಾಲಾಳ ನಮಸ್ಕಾರ.

ನಿಮ್ಮ ಮಗನ ಸೋರಿಯಾಸಿಸ್‌ಗೆ ಮುಲಾಮಿನಿಂದ ಗುಣ ಕಾಣುತ್ತಿದೆಯೇ ಎಂದು ಕೇಳಿದ್ದೀರಿ. ಬೆಳಗ್ಗೆ ಹಾಸಿಗೆ ಕೊಡವಿದಾಗ ಉದುರುವ ಚರ್ಮದ ಹೊಟ್ಟು ನೋಡಿ ಹೇಳುವುದಾದರೆ, ಸ್ವಲ್ಪ ಕಡಿಮೆಯಾಗಿದೆ. ಹಚ್ಚುವವಳು ನಾನೇ ಆದ್ದರಿಂದ ಊಟದ ಕೈಯೂ ರಸ್ತೆಗೆ ಸುರಿಯುವ ಟಾರಿನಂತೆ ನಾರುತ್ತದೆ.

ಇದು ಕಾಲೇಜಿನಿಂದಲೂ ಇದೆ ಎಂದು ಇವರು ಡಾಕ್ಟರಿಗೆ ಹೇಳಿದ್ದನ್ನು ಪಕ್ಕದಲ್ಲೇ ಕೂತು ಕೇಳಿದೆ. ನನ್ನನ್ನು ನೋಡಲು ಬಂದಾಗ ಆ ಬೇಸಿಗೆಯಲ್ಲೂ ಇವರು ತುಂಬುತೋಳಿನ ಅಂಗಿಯಲ್ಲಿದ್ದರು. "ಹುಡುಗ ಏನ್ ಶಿಸ್ತು!" ಎಂದು ನಮ್ಮಪ್ಪ ಮೆಚ್ಚಿದರು. ನೀವು ನಕ್ಕು ಸುಮ್ಮನಿದ್ದಿರಿ. ಟಾರಿನ ವಾಸನೆ ಸೋಪಿಗೆ ಹೋಗುತ್ತದೆ. ಆ ನಗು ನೆನೆದರೆ ಅನ್ನ ಸೇರುವುದಿಲ್ಲ.

ಮೈದುನ ಶ್ರೀಕಂಠನ ಮೊಣಕೈಯಲ್ಲೂ ಶುರುವಾಗಿದೆ ಎಂದು ಬರೆದಿದ್ದೀರಿ. ಬರುವ ತಿಂಗಳು ಅವನಿಗೆ ಹೆಣ್ಣು ನೋಡಲು ಹೋಗುತ್ತೀರಂತೆ. ದಯವಿಟ್ಟು ಅರ್ಧ ತೋಳಿನ ಅಂಗಿ ಹಾಕಿಸಿ.

ಇತಿ,
ವನಮಾಲಾ