ಅರಗಿನ ಜಾಯಿಂಟುಗಳು

ಮಾರ್ಚ್ ೧೨, ಗುರುವಾರ
ಶೆಡ್ಡಿನ ಮೇಲಿನ ಕೋಣೆ

ಅಮ್ಮಾ,

ಹತ್ತು ತಿಂಗಳು ನಿನ್ನ ಅಣ್ಣನಿಗೆ ಮೋಸ ಮಾಡಿದ್ದೇನೆ. ನಿನ್ನ ಮಂಡಿನೋವು ವಿಚಾರಿಸಿ, ಆಮೇಲೆ ಮೆಲ್ಲಗೆ ಇದನ್ನು ಹೇಳೋಣವೆಂದು ಮೂರು ಹಾಳೆ ಬರೆದು ಹರಿದೆ. ಕುಶಲ ಕೇಳುತ್ತಾ ಕೂತರೆ ಧೈರ್ಯ ಸೋರಿಹೋಗುತ್ತದೆ. ಈಗ ಹೇಳಿಯಾಯಿತು. ಮಂಡಿ ಹೇಗಿದೆ? ಎರಡು ತಿಂಗಳಿಂದ ಕಾಗದ ಬರೆದಿಲ್ಲ, ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಧ್ಯದಲ್ಲಿ "ಊಟ ಆಯ್ತಾ?" ಅಂತೀಯ, ನಾನು "ಆಯ್ತು" ಅಂತೀನಿ, ಅಲ್ಲಿಗೆ ಮಾತು ಮುಗಿದುಹೋಗುತ್ತದೆ.

ಮಾವನ ಅರಗು ನಿನಗೆ ಗೊತ್ತಲ್ಲ. ಹಳೆಯ ಕಾರುಗಳ ಪೆಟ್ರೋಲ್ ಪೈಪಿನ ಜಾಯಿಂಟುಗಳಿಗೆ, ಕಾರ್ಬುರೇಟರಿನ ಅಂಚಿಗೆ ಅವನು ಅಂಗಡಿಯ ಅಂಟು ಹಚ್ಚುವವನಲ್ಲ. ಅರಗಿನ ಚಕ್ಕೆಗಳನ್ನು ಸ್ಪಿರಿಟಿನಲ್ಲಿ ನೆನೆಹಾಕಿ, ಕರಗಿದ ಮೇಲೆ ಬ್ರಷ್ಷಿನಿಂದ ಒಂದೇ ಎಳೆತದಲ್ಲಿ ತೆಳ್ಳಗೆ ಬಳಿಯುತ್ತಾನೆ. ಒಮ್ಮೆ ಒಣಗಿದರೆ ಪೆಟ್ರೋಲಿನ ಆಟ ಅದರ ಮುಂದೆ ನಡೆಯುವುದಿಲ್ಲ. ದೂರದೂರದಿಂದ ಜನ ಕಾರು ತರುತ್ತಿದ್ದುದು ಅದಕ್ಕೇ. "ನಾನು ಸತ್ರೂ ಈ ಜಾಯಿಂಟ್ ಸೋರಲ್ಲ ಸ್ವಾಮಿ" ಎನ್ನುವುದು ಅವನ ಕಾಯಂ ಮಾತು. ಸೋಮವಾರ ಸೋಮವಾರ ಅರಗು ನೆನೆಹಾಕುವುದು ನನ್ನ ಕೆಲಸ.

ಈಗ ಬಂಕಿನ ಪೆಟ್ರೋಲಿಗೆ ಎಥೆನಾಲ್ ಬೆರೆಸಿರುತ್ತಾರೆ. ಎಥೆನಾಲ್ ಎಂದರೆ ಸ್ಪಿರಿಟ್ಟೇ. ಹೊಸ ಕಾರುಗಳನ್ನು ಅದಕ್ಕೆ ತಕ್ಕಂತೆ ಮಾಡಿರುತ್ತಾರೆ, ಅವಕ್ಕೇನೂ ಆಗುವುದಿಲ್ಲ. ಹಳೆಯವುಗಳಲ್ಲಿ ರಬ್ಬರ್ ಪೈಪು ಉಬ್ಬಿಕೊಂಡು ಮೆತ್ತಗಾಗುತ್ತದೆ. ಮಾವ ಪೈಪುಗಳನ್ನೇನೋ ಬದಲಾಯಿಸಿದ. "ಕಾರಿಗೂ ಕುಡಿಯೋದು ಕಲಿಸಿಬಿಟ್ರು ನೋಡೇ" ಎಂದು ನಕ್ಕ. ಆದರೆ ಅರಗು ಕರಗುವುದು ಯಾವುದರಲ್ಲಿ ಎಂದು ಅವನು ಯೋಚಿಸಲಿಲ್ಲ. ನಲವತ್ತು ವರ್ಷ ಅದನ್ನೇ ಕರಗಿಸಿಕೊಂಡು ಬಂದವನು.

ನನಗೆ ಹೊಳೆದದ್ದು ಕಳೆದ ಏಪ್ರಿಲ್‌ನಲ್ಲಿ. ಒಂದು ಕಾರ್ಬುರೇಟರ್ ಬಿಚ್ಚಿದಾಗ ಅರಗು ಚೀಪಿ ಉಗಿದ ಪೆಪ್ಪರ್‌ಮೆಂಟಿನ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಎರಡು ತಗಡಿನ ಚೂರಿಗೆ ಅರಗು ಬಳಿದು ಒಣಗಿಸಿದೆ. ಒಂದನ್ನು ಡಬ್ಬಿಯಲ್ಲಿ ಉಳಿದಿದ್ದ, ಎಥೆನಾಲ್ ಬೆರೆಸದ ಹಳೆಯ ಪೆಟ್ರೋಲಿಗೂ ಇನ್ನೊಂದನ್ನು ಬಂಕಿನಿಂದ ತಂದದ್ದಕ್ಕೂ ಹಾಕಿ, ಎರಡೂ ಬಾಟಲಿಗಳನ್ನು ಕಿಟಕಿಯ ಮೇಲಿಟ್ಟೆ. ವಾರದ ಕೊನೆಗೆ ಹಳೆಯದರಲ್ಲಿ ಅರಗು ಹಾಗೇ ಹೊಳೆಯುತ್ತಿತ್ತು. ಇನ್ನೊಂದರಲ್ಲಿ ತಗಡು ಬೋಳಾಗಿತ್ತು.

ಬಾಟಲಿ ಹಿಡಿದುಕೊಂಡು ಮೆಟ್ಟಿಲಿಳಿದೆ ಅಮ್ಮಾ, ಹೇಳಬೇಕೆಂದೇ ಇಳಿದೆ. ಕೆಳಗೆ ಯಾರೋ ಗಿರಾಕಿ ಬಾನೆಟ್ಟಿನೊಳಗೆ ಬಗ್ಗಿ, "ಇಪ್ಪತ್ತಾರು ವರ್ಷ ಆಯ್ತಲ್ಲಯ್ಯಾ, ಒಂದು ಹನಿ ಸೋರಿಲ್ಲ" ಎನ್ನುತ್ತಿದ್ದರು. ಮಾವ ಕೈ ಒರೆಸಿಕೊಳ್ಳುತ್ತಾ ನೆಲ ನೋಡಿಕೊಂಡು ನಿಂತಿದ್ದ. ನಾಚಿಕೆ ಅವನಿಗೆ, ಸಂತೋಷವಾದಾಗ ಹಾಗೇ ನಿಲ್ಲುತ್ತಾನೆ. ನಾನು ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಮೇಲೆ ಬಂದುಬಿಟ್ಟೆ.

ಅಂದಿನಿಂದ ಅವನು ಮಧ್ಯಾಹ್ನ ಊಟಕ್ಕೆ ಹೋದಾಗ ಅವನ ಜಾಯಿಂಟುಗಳನ್ನು ಬಿಚ್ಚಿ, ಸ್ಪಿರಿಟಿಗೆ ಕರಗದ ಅಂಗಡಿಯ ಟ್ಯೂಬ್ ಅಂಟು ಹಾಕಿ ಬಿಗಿದು, ಮೇಲೆ ಒಂದು ಪದರ ಅರಗು ಬಳಿಯುತ್ತಿದ್ದೆ, ಬಣ್ಣ ಹೊಂದಲಿ ಎಂದು. ಹೆಡ್‌ಮಿಸ್ ಮುಂದೆ "ನಾನು ಕಾಪಿ ಹೊಡೆದಿಲ್ಲ, ಹೊಡೆದೆ ಅಂತ ಬರ್ದುಕೊಡಲ್ಲ" ಎಂದು ಬ್ಯಾಗ್ ಎತ್ತಿಕೊಂಡು ಬಂದವಳು ನಾನು. "ಬಗ್ಗಿದ್ರೆ ಬೆನ್ನು ಮುರೀತಿತ್ತಾ?" ಎಂದು ನೀನು ಅತ್ತಿದ್ದೆ. "ಇವಳನ್ನ ನಂಗೆ ಕೊಡು, ಇದ್ದದ್ದು ಇದ್ದಹಾಗೆ ಹೇಳೋಳು ಒಬ್ಬಳಾದರೂ ಶೆಡ್ಡಲ್ಲಿರಲಿ" ಎಂದು ಮಾವ ಕರೆದುಕೊಂಡು ಬಂದ. ಅಂಥವಳು ದಿನಾ ಬಣ್ಣ ಬಳಿದೆ. ಎಷ್ಟು ಸುಸ್ತಾಗುತ್ತಿತ್ತು ಗೊತ್ತಾ? ಕೆಲಸಕ್ಕಲ್ಲ. ಅವನು ಊಟ ಮುಗಿಸಿ ಬಂದು, ನನ್ನ ಜಾಯಿಂಟನ್ನು ತನ್ನದೆಂದುಕೊಂಡು ಸವರಿ ತಲೆಯಾಡಿಸುವಾಗ ಸುಮ್ಮನೆ ನಿಲ್ಲಬೇಕಲ್ಲ, ಅದಕ್ಕೆ.

ಶೆಡ್ಡಿಗೆ ಬಂದ ಕಾರುಗಳನ್ನು ಹೀಗೆ ದಾಟಿಸಿದೆ. ಮೊದಲೇ ಅರಗು ಹಚ್ಚಿಸಿಕೊಂಡು ಹೋಗಿ ಮತ್ತೆ ಬಾರದ ಕಾರುಗಳು? ಅವುಗಳ ಬಗ್ಗೆ ಯೋಚಿಸಿದೆ, ಯೋಚಿಸಿ ಮಲಗಿದೆ.

ಕಳೆದ ತಿಂಗಳು ಪಿಟೀಲು ಮೇಷ್ಟ್ರ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಮಾವ ಅದಕ್ಕೆ ಅರಗು ಹಚ್ಚಿ ಮೂರು ವರ್ಷವಾಗಿತ್ತು. ಜಾಯಿಂಟ್ ಸೋರಿ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿ ಬೆಂಕಿ ಹತ್ತಿಕೊಂಡಿತ್ತು. ಬಾನೆಟ್ಟಿನ ಬಣ್ಣ ಗುಳ್ಳೆ ಎದ್ದಿತ್ತು. ಮೇಷ್ಟ್ರು ಬಂದದ್ದು ನಾಲ್ಕು ದಿನದ ಮೇಲೆ, ಕೈಗೆ ಬ್ಯಾಂಡೇಜು. ಸ್ವಲ್ಪ ಸುಟ್ಟಿದೆ, ಅಷ್ಟೆ.

"ಈ ಜಾಯಿಂಟ್ ಯಾರು ಹಾಕಿದ್ದಪ್ಪಾ?" ಎಂದರು. ಬೈಯುವ ದನಿಯಲ್ಲ, ತಿಳಿದುಕೊಳ್ಳುವ ದನಿ. ಮಾವ ಕೈಯಲ್ಲಿದ್ದ ಬಟ್ಟೆಯನ್ನು ಮಡಚತೊಡಗಿದ. ಅವನ ಮುಖ ನೋಡಲಾಗಲಿಲ್ಲ ನನಗೆ.

"ನಾನು ಸಾರ್," ಅಂದೆ.

ಮೇಷ್ಟ್ರು ನನ್ನನ್ನೇ ನೋಡಿದರು. "ಮೂರು ವರ್ಷದ ಹಿಂದೆ ನೀನಿಲ್ಲಿ ಇರಲೇ ಇಲ್ಲವಲ್ಲಮ್ಮಾ."

ಸುಳ್ಳು ಹೇಳಲೂ ಅಭ್ಯಾಸ ಬೇಕು ನೋಡು. ಅವರು ಆಟೋ ಹತ್ತಿ ಹೋದರು. ಮಾವ ಹಳೆಯ ಟೈರಿನ ಮೇಲೆ ಕೂತ.

"ಟ್ಯೂಬ್ ಅಂಟು ಎಷ್ಟು ದಿನದಿಂದ ಹಾಕ್ತಿದ್ದೀಯೇ?"

"ನಿಂಗೆ ಗೊತ್ತಿತ್ತಾ ಮಾವಾ?"

"ಕಸದ ಡಬ್ಬಿಯಲ್ಲಿ ಖಾಲಿ ಟ್ಯೂಬ್ ಸಿಕ್ಕಿ ಆರು ತಿಂಗಳಾಯ್ತು. ಗೊತ್ತಿಲ್ಲದ ಹಾಗೆ ಊಟಕ್ಕೆ ಹೋಗ್ತಿದ್ದೆ."

"ಹೇಳಬಹುದಿತ್ತಲ್ಲ!"

"ನೀನು ಹೇಳಬಹುದಿತ್ತಲ್ಲ? ಅದಕ್ಕೇ ತಾನೇ ನಿನ್ನ ಕರ್ಕೊಂಡು ಬಂದಿದ್ದು." ಉಗುರಿನ ಗ್ರೀಸ್ ಕೆರೆಯುತ್ತಾ, "ನಂಗೂ ಅದೇ ಅನುಕೂಲ ಆಗಿತ್ತು ಬಿಡು," ಅಂದ.

ಒಬ್ಬರ ಮೇಲೊಬ್ಬರು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಇಬ್ಬರೂ ಎದ್ದು ಆ ಕಾರಿನ ಕಾರ್ಬುರೇಟರ್ ತೊಳೆದೆವು.

ಮೊನ್ನೆ ಭಾನುವಾರ ಅವನನ್ನು ಕೂರಿಸಿಕೊಂಡು, ಅರಗು ಹಾಕಿ ಕಳಿಸಿ ಮತ್ತೆ ಶೆಡ್ಡಿಗೆ ಬಾರದ ಕಾರುಗಳನ್ನೆಲ್ಲ ಬರೆದುಕೊಂಡೆ. ಯಾವ ಕಾರು, ಯಾವ ಊರು, ಯಾವ ಜಾಯಿಂಟು, ಎಲ್ಲ ಅವನ ಬಾಯಲ್ಲೇ ಇತ್ತು. ಐವತ್ತೆರಡು. ಫೋನ್ ಮಾಡಿ ಹೇಳು ಅಂದೆ. ಒಂದು ನಂಬರ್ ಒತ್ತಿದ. "ಹಲೋ, ಕಾರು ಹೇಗಿದೆ? ಹಾಂ... ಚೆನ್ನಾಗಿರಲಿ, ಚೆನ್ನಾಗಿರಲಿ," ಎಂದು ಇಟ್ಟುಬಿಟ್ಟ. ಇನ್ನೊಂದು ಒತ್ತಲಿಲ್ಲ.

"ನಾನು ಹೇಳ್ತೀನಿ ಬಿಡು," ಅಂದೆ. ಫೋನಿನಲ್ಲಿ ಹೇಳಿದರೆ ಅರ್ಧ ಜನ ನಂಬುವುದಿಲ್ಲ, ನಂಬಿದವರಿಗೂ ಬಿಚ್ಚಲು ಬರುವುದಿಲ್ಲ. ಎದುರಿಗೆ ಹೋಗಿ, ಬಿಚ್ಚಿ ತೋರಿಸಿ, ಸರಿಮಾಡಿ ಬರಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ.

ಮಾವ ಬೇಡ ಅನ್ನಲಿಲ್ಲ. ತನ್ನ ಸಣ್ಣ ಸ್ಪಾನರ್ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ. "ಎಲ್ಲರಿಗೂ ಹೇಳು. ಹೇಳಿ ಆದಮೇಲೆ ಇಲ್ಲಿಗೆ ಬರ್ಬೇಡ ಕಂದಾ. ಸಿಟ್ಟಿಗೆ ಅಂತಿಲ್ಲ. ನಿನ್ನ ಮುಂದೆ ಕೂತು ಊಟ ಮಾಡೋಕೆ ಆಗಲ್ಲ ನಂಗೆ." ಅವನ ಮೇಲೆ ನನಗೆ ಸಿಟ್ಟಿಲ್ಲ. ಯಾವುದಕ್ಕೂ ಸಿಟ್ಟು ಬರುತ್ತಿಲ್ಲ ಈಗ.

ಅವನಿಗೆ ಫೋನ್ ಮಾಡಿ ನನ್ನ ಪರ ವಕಾಲತ್ತು ಹಾಕಬೇಡ. ಅಣ್ಣನ ಹತ್ತಿರ ಸುಮ್ಮನೆ ಮಳೆ ಬೆಳೆ ಮಾತಾಡು, ಒಬ್ಬನೇ ಆಗುತ್ತಾನೆ. ಬಿಸಿನೀರಿನ ಚೀಲವನ್ನು ಮಂಡಿಗೆ ಇಟ್ಟುಕೋ, ಅಲ್ಮೆರಾದಲ್ಲಿ ಇಡಬೇಡ. ದೂರದಿಂದಲೇ ನನ್ನ ತಲೆ ಮೇಲೊಮ್ಮೆ ಕೈಯಿಡು. ನಿನಗೆ ನಮಸ್ಕಾರ.

ನಿನ್ನ
ಗುಂಡುಪಿನ್ನು

ಮರೆತದ್ದಲ್ಲ, ಬಿಟ್ಟದ್ದು: ಮೇಷ್ಟ್ರ ಕೈ "ಸ್ವಲ್ಪ ಸುಟ್ಟಿದೆ" ಎಂದು ಮೇಲೆ ಬರೆದಿದ್ದೇನೆ. ಅದು ಅವರು ಹೇಳಿದ ಮಾತು, ನಿಜವಲ್ಲ. ನಿನ್ನೆ ಅವರ ಮನೆಗೆ ಹೋಗಿದ್ದೆ. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ತಂತಿ ಒತ್ತುವ ಬೆರಳುಗಳು. ಇನ್ನು ಮಡಚುವುದೂ ಇಲ್ಲವಂತೆ. ಪಾಠಕ್ಕೆ ಬಂದ ಮಕ್ಕಳಿಗೆ ಬಾಯಲ್ಲೇ ಹಾಡಿ ತೋರಿಸುತ್ತಿದ್ದರು. ಮಕ್ಕಳು ಹೋದ ಮೇಲೆ, ಏಪ್ರಿಲ್‌ನಿಂದಲೇ ನನಗೆ ಗೊತ್ತಿತ್ತು ಸಾರ್, ನಾನು ಹೇಳಲಿಲ್ಲ, ಎಂದೆ. ಅವರು ಮಕ್ಕಳು ಕೂತಿದ್ದ ಚಾಪೆ ಸುತ್ತಿಟ್ಟರು. ಆಮೇಲೆ "ಕಾಫಿ ಕುಡೀತೀಯಾ?" ಅಂದರು. ಕುಡಿದೆ. ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಪಟ್ಟಿಯ ಮೊದಲ ಊರಿಗೆ ಹೊರಡುತ್ತೇನೆ.